ಕಾಡಿಗೆ ಬೆಂಕಿ ಇಡುವ ಹಕ್ಕು ಯಾರಿಗೆ?

ಕಳೆದ ಸಂಚಿಕೆಯಲ್ಲಿ ಕಾಡಿನ ಬೆಂಕಿಯ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಎಲ್ಲ ಬೆಂಕಿಯೂ ಕಾಡಿಗೆ ಕೇಡಲ್ಲ, ಗೊತ್ತಿದ್ದವರು ಹೊತ್ತು ನೋಡಿ ಹಚ್ಚಿದ ಚಿಕ್ಕ ಬೆಂಕಿ ಮುಂದಿನ ದೊಡ್ಡ ಬೆಂಕಿಯನ್ನು ತಡೆಯಬಹುದು, ಆದರೆ ನಮ್ಮಲ್ಲಿ ಅದಕ್ಕೆ ನೆಟ್ಟಗಿನ ನಿಯಮವೇ ಇಲ್ಲ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಕೆಲವರು ಖುಷಿಪಟ್ಟಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮೂರು ಬಂಡೀಪುರದ ಅಂಚಿನಲ್ಲಿದೆ. ಸಂಕ್ರಾಂತಿ ಆಸುಪಾಸಿಗೆ ಇಲಾಖೆಯವರೇ ರಸ್ತೆ ಪಕ್ಕದ ಹುಲ್ಲಿಗೆ ಬೆಂಕಿ ಹಾಕುತ್ತಾರೆ. ನಮ್ಮ ದನ ಕಾಯುವ ಹುಡುಗ ಕಾಡಂಚಲ್ಲಿ ಬೀಡಿ ಹಚ್ಚಿದರೆ ಕೇಸು. ಅವರು ಹಾಕಿದ್ದು ಬೆಂಕಿ ಅಲ್ವಾ?
— ಒಬ್ಬ ರೈತರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಅದೂ ಬೆಂಕಿಯೇ. ಆದರೆ ಅವರು ಮಾಡುತ್ತಿರುವ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅದನ್ನು ಬೆಂಕಿ ರೇಖೆ ಅನ್ನುತ್ತಾರೆ. ಮಳೆ ನಿಂತ ಮೇಲೆ ರಸ್ತೆಯ ಎರಡೂ ಬದಿ, ಕಾಡಿನ ಗಡಿ, ಬ್ಲಾಕ್ ಬ್ಲಾಕ್ ನಡುವಿನ ಪಟ್ಟಿಗಳಲ್ಲಿ ಹುಲ್ಲು ಪೊದೆ ಸವರಿ, ಒಣಗಲು ಬಿಟ್ಟು, ಬಿಸಿಲು ಏರದ ಹೊತ್ತಲ್ಲಿ ಆ ಪಟ್ಟಿಯನ್ನಷ್ಟೇ ಸುಡುತ್ತಾರೆ. ಫೆಬ್ರುವರಿಯಲ್ಲಿ ಯಾರೋ ಬೆಂಕಿ ಹಾಕಿದರೂ ಆ ಬೋಳು ಪಟ್ಟಿಯ ತನಕ ಬಂದು ನಿಲ್ಲಲಿ ಅಂತ. ಜನ ಸುತ್ತ ನಿಂತಿರುತ್ತಾರೆ, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ ಇರುತ್ತೆ, ಬೆನ್ನಿಗೆ ನೀರಿನ ಪಂಪು ಇರುತ್ತೆ. ನಿಮ್ಮ ಹುಡುಗನ ಬೀಡಿಗೆ ಇದ್ಯಾವುದೂ ಇಲ್ಲ. ಹಾಗಾಗಿ ಎರಡೂ ಒಂದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆದರೆ ನಿಮ್ಮ ಸಿಟ್ಟಿನ ಹಿಂದೆ ಒಂದು ಸತ್ಯ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದು ಅಪರಾಧ. ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅದೇ ಅಚ್ಚಿನದು. ಅಭಯಾರಣ್ಯ ಆದರೆ 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಬೇರೆ ಸೇರಿಕೊಳ್ಳುತ್ತೆ. ಆದರೆ 1927ರ ಕಾಯ್ದೆಯ ಅದೇ 26ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ: ಅರಣ್ಯಾಧಿಕಾರಿಯ ಲಿಖಿತ ಅನುಮತಿ ಇದ್ದರೆ, ಅಥವಾ ಸರ್ಕಾರ ಮಾಡಿದ ನಿಯಮದ ಪ್ರಕಾರ ನಡೆದರೆ, ಅದು ಅಪರಾಧ ಅಲ್ಲ. ಇಲಾಖೆಯವರು ತಮ್ಮ ಕಾರ್ಯಯೋಜನೆಯಲ್ಲಿ ಬೆಂಕಿ ರೇಖೆ ಅಂತ ಬರೆದುಕೊಂಡು ಸುಡುತ್ತಾರೆ. ಅಂದರೆ ಬಾಗಿಲು ಇದೆ. ಆ ಬಾಗಿಲಲ್ಲಿ ಇಲ್ಲಿವರೆಗೆ ಇಲಾಖೆ ಮಾತ್ರ ಓಡಾಡಿದೆ. ಊರಿನವರು, ಹಾಡಿ ಪೋಡು ಅನ್ನುವ ಬುಡಕಟ್ಟು ಊರುಗಳವರು ಅರ್ಜಿ ಹಾಕಿ ಅದೇ ಬಾಗಿಲಲ್ಲಿ ಬರಬಹುದಾ, ಬಂದರೆ ಏನೇನು ಷರತ್ತು, ಬೆಂಕಿ ತಪ್ಪಿಸಿಕೊಂಡರೆ ಯಾರ ಹೊಣೆ, ಇದ್ಯಾವುದಕ್ಕೂ ಉತ್ತರ ಕೊಡುವ ನಿಯಮ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಇನ್ನೊಂದು ವಿಷಯ. ಅದೇ ಕಾಯ್ದೆಯಲ್ಲಿ, ಮೀಸಲು ಅರಣ್ಯಕ್ಕೆ ಬೇಕಂತಲೇ ಅಥವಾ ಭಾರೀ ಅಲಕ್ಷ್ಯದಿಂದ ಬೆಂಕಿ ಬಿದ್ದರೆ ಆ ಕಾಡಿನಲ್ಲಿ ದನ ಮೇಯಿಸುವ, ಕಿರು ಉತ್ಪನ್ನ ತರುವ ಹಕ್ಕುಗಳನ್ನೇ ಸರ್ಕಾರ ನಿಲ್ಲಿಸಬಹುದು ಅಂತ ಇದೆ. ಒಬ್ಬ ಮಾಡಿದ ತಪ್ಪಿಗೆ ಇಡೀ ಊರಿಗೆ ಶಿಕ್ಷೆ. ಬ್ರಿಟಿಷರ ಕಾಲದ ಈ ಯೋಚನೆ ಇಟ್ಟುಕೊಂಡು, ಬೆಂಕಿ ಬಿದ್ದಾಗ ಊರಿನವರು ಓಡಿ ಬರಲಿ ಅಂತ ಕಾಯುವುದು ಹೇಗೆ ಸರಿ?

ಪ್ರಶ್ನೆ: ನಮ್ಮ ಕಾಲೇಜಿನ ಸೋಲಿಗ ಗೆಳತಿಯ ಅಜ್ಜಿ "ತರಗು ಬೆಂಕಿ ನಿಲ್ಲಿಸಿದ ಮೇಲೇ ಕಾಡು ಕೆಟ್ಟಿದ್ದು" ಅನ್ನುತ್ತಾರೆ. ನಮ್ಮ ಮೇಷ್ಟ್ರು ಅದೆಲ್ಲ ಮೂಢನಂಬಿಕೆ ಅಂತಾರೆ. ಯಾರ ಮಾತು ಸರಿ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಯಳಂದೂರು

ಉತ್ತರ: ಅಜ್ಜಿಯ ಮಾತಿನಲ್ಲಿ ತೂಕ ಜಾಸ್ತಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಈ ವಿಷಯದಲ್ಲಿ ಇಡೀ ರಾಜ್ಯ ಕಲಿಯಬೇಕಾದ್ದು ಬಿಳಿಗಿರಿರಂಗನ ಬೆಟ್ಟದಲ್ಲಿದೆ.

ತರಗು ಬೆಂಕಿ ಅಂದರೆ ಉದುರಿದ ಒಣ ಎಲೆಗೆ ಹಚ್ಚುವ ಬೆಂಕಿ. ಬೇಸಿಗೆ ಬಲಿಯುವ ಮೊದಲು, ಎಲೆ ಉದುರಲು ಶುರುವಾದ ಕಾಲದಲ್ಲಿ ಹಚ್ಚುತ್ತಿದ್ದರು. ಆಗ ನೆಲದಲ್ಲಿ ಇನ್ನೂ ತೇವ ಇರುತ್ತೆ, ರಾತ್ರಿ ಇಬ್ಬನಿ ಬೀಳುತ್ತೆ, ತರಗಿನ ಪದರ ತೆಳ್ಳಗಿರುತ್ತೆ. ಬೆಂಕಿ ನೆಲದ ಮೇಲೆ ತೆವಳಿಕೊಂಡು ಹೋಗುತ್ತೆ, ಮರದ ತುದಿಗೆ ಹತ್ತುವುದಿಲ್ಲ, ಇಬ್ಬನಿ ಬಿದ್ದ ಕಡೆ ತಾನೇ ಆರುತ್ತೆ. ಕೆಲವು ಕಡೆ ಸುಟ್ಟು ಕೆಲವು ಕಡೆ ಬಿಟ್ಟು ಚುಕ್ಕೆ ಚುಕ್ಕೆಯಾಗಿ ಸಾಗುತ್ತೆ. ಅದೇ ಬೆಂಕಿ ಮಾರ್ಚ್ ಕೊನೆಯಲ್ಲಿ ಬಿದ್ದರೆ ಕಥೆಯೇ ಬೇರೆ. ಮೂರು ತಿಂಗಳ ತರಗು ರಾಶಿ ಬಿದ್ದಿರುತ್ತೆ, ಗಾಳಿ ಬಿಸಿಯಾಗಿರುತ್ತೆ, ಬೆಂಕಿಗೆ ಕಡಿವಾಣವೇ ಇರುವುದಿಲ್ಲ.

ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಇದನ್ನು ಮಾಡುತ್ತಿದ್ದುದಕ್ಕೆ ಹಲವು ಕಾರಣ. ಹೊಸ ಹುಲ್ಲು ಬರಲಿ, ಓಡಾಡುವ ದಾರಿ ತೆರವಾಗಲಿ, ಆನೆ ಕರಡಿ ದೂರದಿಂದಲೇ ಕಾಣಲಿ. ಅವರು ಮತ್ತೊಂದು ಕಾರಣವನ್ನೂ ಹೇಳುತ್ತಾರೆ, ನನಗೆ ಅದು ತುಂಬಾ ಮುಖ್ಯ ಅನ್ನಿಸುತ್ತೆ. ನೆಲ್ಲಿ ಮರದ ಮೇಲೆ ಬೆಳೆಯುವ ಬಂದಳಿಕೆಯನ್ನು ಅವರು ಉಪ್ಪಿಲು ಅನ್ನುತ್ತಾರೆ. ಅದು ಮರದ ರಸ ಹೀರಿ ನಿಧಾನಕ್ಕೆ ಮರವನ್ನೇ ಮುಗಿಸುತ್ತೆ. ತರಗು ಬೆಂಕಿ ಇದ್ದಾಗ ಉಪ್ಪಿಲು ಹತೋಟಿಯಲ್ಲಿತ್ತು, ಬೆಂಕಿ ನಿಂತ ಮೇಲೆ ನೆಲ್ಲಿ ಮರಗಳು ಒಣಗಿದವು ಅನ್ನುವುದು ಅವರ ಅನುಭವ. ಜೀವಶಾಸ್ತ್ರಜ್ಞರು ಇದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಮೂಢನಂಬಿಕೆ ಅಂತ ತಳ್ಳಿಹಾಕುವ ಮೊದಲು ನಿಮ್ಮ ಮೇಷ್ಟ್ರು ಒಂದು ಸಲ ಬೆಟ್ಟ ಹತ್ತಿ ನೆಲ್ಲಿ ಮರ ನೋಡಿ ಬರಲಿ.

1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು. ಆ ಮೇಲೆ ಬೇಟೆ, ಬೇಸಾಯದ ಹಾಗೆಯೇ ತರಗು ಬೆಂಕಿಯೂ ನಿಂತಿತು. ಆ ಜಾಗಕ್ಕೆ ಲಂಟಾನ ಅನ್ನುವ ಹೊರದೇಶದ ಕಳೆ ಪೊದೆ ಬಂತು. ಅದು ಮೊದಲೂ ಇತ್ತು, ಆದರೆ ಅಲ್ಲೊಂದು ಇಲ್ಲೊಂದು. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು 1997ರಲ್ಲಿ ಬೆಟ್ಟದ ತುಂಬಾ ಗುರುತು ಮಾಡಿದ ಜಾಗಗಳನ್ನು 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ಜಾಗಗಳು ಸುಮಾರು ಎರಡು ಪಟ್ಟು ಆಗಿದ್ದವು. ಹನ್ನೊಂದೇ ವರ್ಷದಲ್ಲಿ! ಬೆಂಕಿ ನಿಂತಿದ್ದೊಂದೇ ಕಾರಣ ಅಂತ ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುತ್ತವೆ ಅನ್ನುವವರೂ ಇದ್ದಾರೆ. ಆ ಚರ್ಚೆ ನಡೆಯಲಿ, ನಡೆಯಲೇಬೇಕು.

ಈಗ ಕಷ್ಟದ ಭಾಗಕ್ಕೆ ಬರೋಣ. "ಸರಿ, ಹಾಗಾದರೆ ನಾಳೆಯಿಂದ ತರಗು ಬೆಂಕಿ ಹಚ್ಚೋಣ" ಅಂದರೆ ಆಗುವುದಿಲ್ಲ. ಹಳೆಯ ಕಾಡಿನಲ್ಲಿ ಉರಿಯಲು ಇದ್ದದ್ದು ಹುಲ್ಲು, ತರಗು. ಈಗ ಇರುವುದು ಆಳೆತ್ತರದ ಲಂಟಾನ ಪೊದೆ. ಅದು ಹಸಿಯಾಗಿದ್ದರೂ ಉರಿಯುತ್ತೆ. ನೆಲದ ಬೆಂಕಿ ಪೊದೆ ಹತ್ತಿ, ಪೊದೆಯಿಂದ ಮರದ ಕೊಂಬೆ ಹಿಡಿಯುತ್ತೆ. ಸುಟ್ಟು ಹೋದ ಲಂಟಾನ ಮಳೆ ಬಿದ್ದ ಕೂಡಲೇ ಬುಡದಿಂದ ಮತ್ತೆ ಚಿಗುರುತ್ತೆ, ಸುಟ್ಟ ಮರದ ಸಸಿ ಚಿಗುರದೆ ಹೋಗಬಹುದು. ಹಾಗಾಗಿ ಮೊದಲು ಲಂಟಾನ ಕೀಳಬೇಕು. ಬುಡವನ್ನು ನೆಲದಿಂದ ಒಂದೆರಡು ಇಂಚು ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಹಾಕುವ ವಿಧಾನ ಇದೆ, ಅದು ಕೆಲಸ ಮಾಡುತ್ತೆ. ಎರಡು ಮೂರು ವರ್ಷ ಹಿಂದೆ ಬಿದ್ದು ಸಸಿ ಕೀಳುತ್ತಿರಬೇಕು. ಹುಲ್ಲು ವಾಪಸ್ ಬಂದ ಮೇಲೆ ತರಗು ಬೆಂಕಿಯ ಮಾತು. ಹಿರಿಯ ಸೋಲಿಗರೂ ಇದನ್ನೇ ಹೇಳುತ್ತಾರೆ, ಈಗಿನ ಕಾಡಿಗೆ ಬೆಂಕಿ ಹಾಕಿದರೆ ಕಾಡೇ ಹೋಗುತ್ತೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಿಮಗೆ ಇನ್ನೊಂದು ಮಾಹಿತಿ, ಮೇಷ್ಟ್ರಿಗೆ ತೋರಿಸಲು ಬೇಕಾಗಬಹುದು. ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಕಾಡಿಗೆ ತೊಂದರೆ ಅಂತ ಮೊದಲು ಬರೆದವರಲ್ಲಿ ಬ್ರಿಟಿಷ್ ಅರಣ್ಯಾಧಿಕಾರಿಗಳೇ ಇದ್ದರು. ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದ ಮೇಲೆ ತೇಗದ ಸಸಿ ಏಳುತ್ತಿಲ್ಲ ಅಂತ 1896ರಲ್ಲೇ ಅವರ ಪತ್ರಿಕೆಯಲ್ಲಿ ಬರೆದುಕೊಂಡರು. ಆಮೇಲೆ ಬಂಗಾಳ, ಅಸ್ಸಾಮಿನ ಸಾಲ್ ಕಾಡುಗಳಲ್ಲೂ ಅದೇ ಕಂಡು, ತಾವೇ ಮುಂಚಿತವಾಗಿ ಸುಡುವ ಪದ್ಧತಿ ತಂದರು. ಜನರಿಗೆ ಹಚ್ಚಬೇಡಿ ಅಂದ ಇಲಾಖೆ, ಮರ ಬೇಕಾದಾಗ ತಾನೇ ಹಚ್ಚಿತು.

ಪ್ರಶ್ನೆ: 2019ರಲ್ಲಿ ಬಂಡೀಪುರ ಉರಿದದ್ದು ನೆನಪಿಲ್ಲವೇ? ಎಷ್ಟು ಪ್ರಾಣಿಗಳು ಸತ್ತವು? ಬೆಂಕಿ ಒಳ್ಳೆಯದು ಅಂತ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?
— ಓದುಗರು, ಮೈಸೂರು

ಉತ್ತರ: ನೆನಪಿದೆ ಮೇಡಂ, ಆ ವರ್ಷ ಫೆಬ್ರುವರಿ ಕೊನೆಯ ಭಾಗದಲ್ಲಿ ನಾಲ್ಕೈದು ದಿನ ಉರಿಯಿತು. ಸುಮಾರು 4,400 ಹೆಕ್ಟೇರ್ ಹೋಯಿತು ಅಂತ ಉಪಗ್ರಹ ಚಿತ್ರಗಳು ಹೇಳಿದವು. ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಫಾರೆಸ್ಟ್ ಗಾರ್ಡ್ ಸುಟ್ಟು ತೀರಿಕೊಂಡರು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ನೋವು ನನ್ನದೂ ಹೌದು.

ಆದರೆ ಇವೆಲ್ಲ ನಡೆದದ್ದು ಬೆಂಕಿ ನಿಷೇಧ ಇದ್ದಾಗಲೇ, ಅಲ್ವಾ? ಕಾನೂನು ಅಪರಾಧ ಅಂದಿತು, ಆದರೂ ಕಾಡು ಉರಿಯಿತು. ನಮ್ಮ ಕಾಡುಗಳಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿ ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಹಚ್ಚಿದ್ದೇ. ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೂ ಸೇರಿ ಮಾಡಿದ ಒಂದು ಲೆಕ್ಕದಲ್ಲಿ, ನೂರು ವರ್ಷದ ಹಿಂದೆ ಸುಮಾರು ಹತ್ತು ವರ್ಷಕ್ಕೊಮ್ಮೆ ಸುಡುತ್ತಿದ್ದ ಕಾಡು 1989ರಿಂದ 2002ರ ನಡುವೆ ಸರಾಸರಿ ಮೂರು ವರ್ಷಕ್ಕೊಮ್ಮೆ ಸುಟ್ಟಿದೆ. ಅಂದರೆ ಕಾಡು ಉರಿಯುತ್ತಲೇ ಇದೆ. ಯಾವಾಗ, ಎಲ್ಲಿ, ಯಾರ ಕೈಯಲ್ಲಿ ಅನ್ನುವುದಷ್ಟೇ ನಮ್ಮ ಹಿಡಿತದಲ್ಲಿಲ್ಲ. ನಾನು ಕೇಳುತ್ತಿರುವುದು ಬೆಂಕಿ ಹೆಚ್ಚಾಗಲಿ ಅಂತ ಅಲ್ಲ. ಕಳ್ಳತನದಲ್ಲಿ, ಸಿಟ್ಟಿನಲ್ಲಿ, ನಡುಬೇಸಿಗೆಯಲ್ಲಿ ಬೀಳುವ ಬೆಂಕಿಯ ಬದಲು ಹಗಲಲ್ಲಿ, ಹೆಸರು ಬರೆಸಿ, ಚಳಿಗಾಲದ ಕೊನೆಯಲ್ಲಿ ಹಚ್ಚುವ ಬೆಂಕಿ ಇರಲಿ ಅಂತ.

ಅದರಲ್ಲೂ ನಷ್ಟ ಇದೆ, ಮುಚ್ಚಿಡುವುದಿಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಆಮೆ, ಹಾವು, ಓತಿಕ್ಯಾತಗಳಿಗೆ ತಣ್ಣನೆಯ, ಅಂದರೆ ಕಡಿಮೆ ಉರಿಯ, ಬೆಂಕಿಯೂ ಬೆಂಕಿಯೇ. ಒಂದೇ ಜಾಗ ವರ್ಷ ವರ್ಷ ಸುಟ್ಟರೆ ಮರದ ಸಸಿ ಮೇಲೇಳುವುದೇ ಇಲ್ಲ. ಅದಕ್ಕೇ ತುಂಡು ತುಂಡಾಗಿ, ಸರದಿ ಮೇಲೆ, ನಡುವೆ ಬಿಡುವು ಕೊಟ್ಟು ಮಾಡಬೇಕು ಅನ್ನುವುದು.

ಪ್ರಶ್ನೆ: ಮಲೆನಾಡಿಗೂ ಇದೇ ಮಾತು ಅನ್ವಯಿಸುತ್ತಾ? ನಮ್ಮ ಕಡೆ ಗುಡ್ಡದ ಹುಲ್ಲಿಗೆ ಬೆಂಕಿ ಹಾಕುವವರು ನಿಮ್ಮ ಬರಹ ತೋರಿಸಿ ಸಮರ್ಥನೆ ಮಾಡಿಕೊಂಡರೆ?
— ಅಡಿಕೆ ಬೆಳೆಗಾರರು, ಶೃಂಗೇರಿ

ಉತ್ತರ: ದಯವಿಟ್ಟು ಬೇಡ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ನಾನು ಹೇಳಿದ್ದು ಎಲೆ ಉದುರಿಸುವ ಒಣ ಕಾಡಿಗೆ. ನಿಮ್ಮ ಕಾನು, ಗುಡ್ಡದ ಕಣಿವೆಗಳ ಶೋಲಾ, ನಿತ್ಯಹಸಿರಿನ ಕಾಡು ಬೆಂಕಿಯ ಜೊತೆ ಬೆಳೆದದ್ದಲ್ಲ. ಅಲ್ಲಿನ ಮರಗಳ ತೊಗಟೆ ತೆಳು, ಒಂದು ಸಲ ಬೆಂಕಿ ಒಳಗೆ ಹೊಕ್ಕರೆ ಸುಧಾರಿಸಲು ತಲೆಮಾರುಗಳೇ ಬೇಕು. ಕುದುರೆಮುಖ, ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗುಡ್ಡದ ವಿಷಯ ಇನ್ನೂ ಸೂಕ್ಷ್ಮ. ಹುಲ್ಲಿಗೆ ಬೆಂಕಿ ಹೊಸದೇನಲ್ಲ, ಮಳೆ ಬಿದ್ದರೆ ಚಿಗುರುತ್ತೆ. ಆದರೆ ಆ ಹುಲ್ಲಿನ ಬೆಂಕಿ ಕಣಿವೆಯ ಶೋಲಾ ಅಂಚನ್ನು ಪ್ರತಿ ಸಲ ಒಂದಿಷ್ಟು ತಿನ್ನುತ್ತೆ. ಮೇಲಾಗಿ ಗುಡ್ಡದಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವ ವೇಗ ಯಾರಿಗೂ ಅಂದಾಜಿಗೆ ಸಿಗುವುದಿಲ್ಲ. 2023ರಲ್ಲಿ ಸಕಲೇಶಪುರದ ಕಡೆ ಗುಡ್ಡದ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಜೀವ ಕಳೆದುಕೊಂಡರು. ಹಾಗಾಗಿ ನಿಯಮ ಬರುವುದಾದರೆ ರಾಜ್ಯಕ್ಕೆಲ್ಲ ಒಂದೇ ನಿಯಮ ಬರಬಾರದು. ಯಾವ ಕಾಡಿನಲ್ಲಿ ಸುಡಬಹುದು, ಯಾವುದರಲ್ಲಿ ಎಂದೂ ಸುಡಬಾರದು ಅನ್ನುವ ಪಟ್ಟಿಯೇ ಅದರ ಮೊದಲ ಪುಟ ಆಗಬೇಕು.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೆಟ್ಟದ ಊರಿನಲ್ಲಿದ್ದೇವೆ. ಪ್ರತಿ ಬೇಸಿಗೆಯೂ ಬೆಂಕಿಯ ಭಯ. ಚಳಿಗಾಲದಲ್ಲಿ ನೋಡಿದರೆ ಸರ್ಕಾರದವರೇ ಕಾಡು ಸುಡುತ್ತಾರೆ, ನಮ್ಮ ಪಕ್ಕದ ಜಮೀನಿನವರೂ ಸುಡುತ್ತಾರೆ! ಇಲ್ಲಿನ ಕಾನೂನು ಹೇಗೆ, ನಮ್ಮೂರಿಗೆ ಇದರಿಂದ ಕಲಿಯುವುದೇನಾದರೂ ಇದೆಯಾ?
— ಓದುಗರು, ಸಿಯೆರಾ ನೆವಾಡಾ ತಪ್ಪಲು, ಕ್ಯಾಲಿಫೋರ್ನಿಯಾ

ಉತ್ತರ: ಇದೆ. ಅಲ್ಲಿಯ ಒಳ್ಳೆಯದೂ ಕೆಟ್ಟದ್ದೂ ಎರಡೂ ಪಾಠವೇ.

ನಿಮ್ಮ ರಾಜ್ಯದ ಕಥೆ ನಮ್ಮದಕ್ಕೆ ಎಷ್ಟು ಹತ್ತಿರ ಅಂದರೆ, ಕ್ಯಾಲಿಫೋರ್ನಿಯಾ 1850ರಲ್ಲಿ ಮಾಡಿದ ಮೊದಮೊದಲ ಕಾನೂನೊಂದರಲ್ಲೇ ಹುಲ್ಲುಗಾವಲಿಗೆ ಬೆಂಕಿ ಇಡುವ ಮೂಲನಿವಾಸಿಗಳಿಗೆ ಶಿಕ್ಷೆ ಅಂತ ಬರೆದಿದ್ದರು. ಕಾರುಕ್, ಯೂರೋಕ್ ಜನ ಬುಟ್ಟಿ ಹೆಣೆಯಲು ಬೇಕಾದ ಹೇಝಲ್ ಗಿಡದ ನೇರವಾದ ಚಿಗುರಿಗಾಗಿ, ಓಕ್ ಕಾಯಿಗಾಗಿ ಸಣ್ಣ ಸಣ್ಣದಾಗಿ ಸುಡುತ್ತಿದ್ದರು. ಅದು ನಿಂತಿತು. ನೂರಕ್ಕೂ ಹೆಚ್ಚು ವರ್ಷ ಸೌದೆ ರಾಶಿ ಬೀಳುತ್ತಾ ಹೋಯಿತು. ಈಗ ಅದೇ ರಾಜ್ಯ ಮತ್ತು ಅಮೆರಿಕದ ಅರಣ್ಯ ಸೇವೆ ಸೇರಿ 2020ರಲ್ಲಿ ಒಪ್ಪಂದ ಮಾಡಿಕೊಂಡವು, ವರ್ಷಕ್ಕೆ 10 ಲಕ್ಷ ಎಕರೆ ಕಾಡಿನಲ್ಲಿ ಪೊದೆ ತೆಗೆಯುವ, ತೆಳುವು ಮಾಡುವ, ಸುಡುವ ಕೆಲಸ ಆಗಬೇಕು ಅಂತ. 2024ರಲ್ಲಿ ಬುಡಕಟ್ಟುಗಳ ಸಾಂಪ್ರದಾಯಿಕ ಸುಡುವಿಕೆಗೆ ರಾಜ್ಯ ಅವರ ಜೊತೆ ನೇರ ಒಪ್ಪಂದ ಮಾಡಿಕೊಳ್ಳಬಹುದು ಅನ್ನುವ ಕಾನೂನೂ ಬಂತು.

ನಿಮ್ಮ ಪಕ್ಕದ ಜಮೀನಿನವರ ವಿಷಯ: ಅವರಿಗೆ ಸಾಮಾನ್ಯವಾಗಿ ಅನುಮತಿ ಪತ್ರ ಬೇಕು, ಹೊಗೆಗೆ ಗಾಳಿಯ ಗುಣಮಟ್ಟ ನೋಡುವ ಜಿಲ್ಲಾ ಮಂಡಳಿಯ ಒಪ್ಪಿಗೆಯೂ ಬೇಕು, ಸುಡಲು ಬಿಡುವ ದಿನ ಹೌದೋ ಅಲ್ಲವೋ ಅಂತ ನೋಡಿಕೊಳ್ಳಬೇಕು. 2022ರ ಜನವರಿಯಿಂದ ಒಂದು ಮುಖ್ಯ ಬದಲಾವಣೆ ಆಗಿದೆ. ತರಬೇತಿ ಪಡೆದವರ ಉಸ್ತುವಾರಿಯಲ್ಲಿ, ಬರೆದ ಯೋಜನೆ ಪ್ರಕಾರ ಸುಟ್ಟರೆ, ಬೆಂಕಿ ತಪ್ಪಿಸಿಕೊಂಡರೂ ಅದನ್ನು ಆರಿಸಿದ ಖರ್ಚನ್ನು ಅವರ ತಲೆಗೆ ಕಟ್ಟುವುದಿಲ್ಲ, ಭಾರೀ ಅಲಕ್ಷ್ಯ ತೋರಿಸಿದ್ದರೆ ಮಾತ್ರ ಕಟ್ಟುತ್ತಾರೆ. ಪಕ್ಕದವರಿಗೆ ನಷ್ಟವಾದರೆ ಕೊಡಲು ರಾಜ್ಯ 2 ಕೋಟಿ ಡಾಲರಿನ ನಿಧಿಯನ್ನೂ ಇಟ್ಟಿತು. ನಿಮಗೆ ಹೊಗೆ ಬಂದರೆ ಸಿಟ್ಟಾಗುವ ಮೊದಲು ಒಮ್ಮೆ ಹೋಗಿ ಅವರ ಯೋಜನೆಯ ಕಾಗದ ಕೇಳಿ ನೋಡಿ, ಬಹಳಷ್ಟು ಜನ ಖುಷಿಯಿಂದ ತೋರಿಸುತ್ತಾರೆ.

ಆದರೆ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಫ್ಲಾರಿಡಾ. 1990ರಲ್ಲೇ ಅಲ್ಲಿ ಇದಕ್ಕೊಂದು ಪ್ರತ್ಯೇಕ ಕಾನೂನು ಬಂತು. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರು, ಲಿಖಿತ ಯೋಜನೆ ಕೈಯಲ್ಲಿಟ್ಟುಕೊಂಡು, ರಾಜ್ಯದ ಅರಣ್ಯ ಸೇವೆಯಿಂದ ಆ ಸುಡುವಿಕೆಗೆ ಅನುಮತಿ ತೆಗೆದುಕೊಂಡು ಸುಟ್ಟರೆ ಅದು ಜಮೀನಿನವರ ಹಕ್ಕು, ಉಪದ್ರವ ಅಲ್ಲ ಅಂತ ಕಾನೂನೇ ಹೇಳಿತು. ಗಾಳಿ, ತೇವ ನೋಡಿ ಅನುಮತಿ ಕೊಡುತ್ತಾರೆ, ಹವಾಮಾನ ಸರಿಯಿಲ್ಲ ಅಂದರೆ ಕೊಡುವುದಿಲ್ಲ. ಅಲ್ಲಿ ವರ್ಷಕ್ಕೆ 20 ಲಕ್ಷ ಎಕರೆಗೂ ಹೆಚ್ಚು ಹೀಗೆ ಸುಡುತ್ತಾರೆ, ಅಂದರೆ ಸುಮಾರು ಎಂಟು ಬಂಡೀಪುರದಷ್ಟು ಜಾಗ. ಅನುಮತಿ, ತರಬೇತಿ, ಹೊಣೆ. ಮೂರೂ ಒಂದೇ ಕಾನೂನಿನಲ್ಲಿ ಸಿಗುತ್ತೆ. ನಮ್ಮಲ್ಲಿ ಮೂರೂ ಇಲ್ಲ.

ಕೆಟ್ಟ ಪಾಠ ನ್ಯೂ ಮೆಕ್ಸಿಕೋದ್ದು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಅರಣ್ಯ ಸೇವೆಯವರೇ ಯೋಜನೆ ಮಾಡಿ ಹಚ್ಚಿದ ಬೆಂಕಿ ಗಾಳಿಗೆ ಸಿಕ್ಕಿ ಕೈತಪ್ಪಿತು. ಅದರ ಜೊತೆ ಇನ್ನೊಂದು ಸೇರಿತು: ಜನವರಿಯಲ್ಲಿ ಅವರೇ ಸುಟ್ಟಿದ್ದ ಸೌದೆ ರಾಶಿಯ ಕೆಂಡ ಹಿಮದ ಕೆಳಗೆ ಮೂರು ತಿಂಗಳು ಆರದೇ ಉಳಿದು ಮತ್ತೆ ಎದ್ದಿತ್ತು. ಎರಡೂ ಕೂಡಿ ಸುಮಾರು 3,41,000 ಎಕರೆ, ನೂರಾರು ಮನೆ ಸುಟ್ಟವು. ತನಿಖೆಯಲ್ಲಿ ಗೊತ್ತಾದದ್ದೇನು ಅಂದರೆ ನೆಲ, ಮರ ಎಷ್ಟು ಒಣಗಿದೆ ಅನ್ನುವುದನ್ನು ಅವರು ಕಡಿಮೆ ಅಂದಾಜು ಮಾಡಿದ್ದರು. ದೇಶದ ಎಲ್ಲ ರಾಷ್ಟ್ರೀಯ ಅರಣ್ಯಗಳಲ್ಲೂ ಸುಡುವುದನ್ನು ಮೂರು ತಿಂಗಳು ನಿಲ್ಲಿಸಿದರು. ನಷ್ಟ ಪರಿಹಾರಕ್ಕೆ ಅಮೆರಿಕದ ಸಂಸತ್ತು ಹಲವು ನೂರು ಕೋಟಿ ಡಾಲರ್ ಕೊಡಬೇಕಾಯಿತು. ಬರ ಹೆಚ್ಚುತ್ತಿರುವ ಕಾಲದಲ್ಲಿ ಹತ್ತು ವರ್ಷದ ಹಿಂದಿನ ಅನುಭವ ನಂಬಿ ಬೆಂಕಿಕಡ್ಡಿ ಗೀರಬಾರದು. ಇದನ್ನು ನಮ್ಮ ಕಡೆಯ ಉತ್ಸಾಹಿಗಳಿಗೂ ಹೇಳುತ್ತಿದ್ದೇನೆ. ತರಗು ಬೆಂಕಿಯ ಹಳೆಯ ತಿಂಗಳು ಈಗಲೂ ಅದೇ ತಿಂಗಳಾಗಿ ಉಳಿದಿದೆ ಅಂತ ಯಾರೂ ಭಾವಿಸಬಾರದು.

ಅಲ್ಲಿ ನಷ್ಟ ಆದಾಗ ಒಂದು ತನಿಖೆ ಆಯಿತು, ವರದಿ ಬಹಿರಂಗ ಆಯಿತು, ಸರ್ಕಾರ ತನ್ನ ತಪ್ಪು ಒಪ್ಪಿಕೊಂಡು ದುಡ್ಡು ಕೊಟ್ಟಿತು. ನಾವು ಕಲಿಯಬೇಕಾದ್ದು ಮುಖ್ಯವಾಗಿ ಅದನ್ನು.

ಪ್ರಶ್ನೆ: ನಮ್ಮೂರ ಗೋಮಾಳದ ಗುಡ್ಡಕ್ಕೆ ಪ್ರತಿ ವರ್ಷ ಬೆಂಕಿ ಬೀಳುತ್ತೆ. ಅರಣ್ಯ ಇಲಾಖೆಗೆ ಫೋನ್ ಮಾಡಿದರೆ ಅದು ನಮ್ಮದಲ್ಲ ಅಂತಾರೆ. ಯಾರದ್ದು ಹಾಗಾದರೆ?
— ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಗೋಮಾಳ ಕಂದಾಯ ಇಲಾಖೆಯದ್ದು, ತಹಶೀಲ್ದಾರರ ಕೈಯಲ್ಲಿರುತ್ತೆ. ಬೆಂಕಿ ಬಿದ್ದಾಗ 112ಕ್ಕೆ ಫೋನ್ ಮಾಡಿದರೆ ಅಗ್ನಿಶಾಮಕದವರು ಬರುತ್ತಾರೆ, ಆದರೆ ಗುಡ್ಡಕ್ಕೆ ಅವರ ಗಾಡಿ ಹತ್ತುವುದಿಲ್ಲ. ಬೀಳುವ ಮೊದಲು ತಡೆಯುವುದು ಯಾರ ಕೆಲಸ ಅಂದರೆ, ಯಾರದ್ದೂ ಅಲ್ಲದ ಹಾಗೆ ಆಗಿದೆ. ನೀವು ಮಾಡಬಹುದಾದ್ದು ಒಂದಿದೆ. ಹುಲ್ಲು ಒಣಗುವ ಮೊದಲೇ, ನವೆಂಬರ್ ಹೊತ್ತಿಗೆ, ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ ಊರಿನವರಿಗೆ ಹುಲ್ಲು ಕೊಯ್ದುಕೊಳ್ಳಲು ಬಿಡಿ, ಗುಡ್ಡದ ಬುಡದಲ್ಲಿ ಮತ್ತು ನೀಲಗಿರಿ ತೋಪು ಇದ್ದರೆ ಅದರ ಸುತ್ತ ಒಂದು ಪಟ್ಟಿ ಸವರಿಸಿ. ಸುಡಬೇಡಿ, ಸವರಿಸಿ ಸಾಕು. ಕೊಯ್ದ ಹುಲ್ಲು ದನಕ್ಕೆ ಹೋಗುತ್ತೆ, ಬೆಂಕಿಗೆ ಉಳಿಯುವುದು ಕಡಿಮೆ.

ಪ್ರಶ್ನೆ: ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮ ಗ್ರಾಮಸಭೆಗೆ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು ಸಿಕ್ಕಿದೆ. ತರಗು ಬೆಂಕಿಗೆ ಅನುಮತಿ ಕೇಳಬಹುದಾ? ಕೇಳಿದರೆ ಕೇಸು ಹಾಕುತ್ತಾರೆ ಅಂತ ಕೆಲವರಿಗೆ ಭಯ.
— ಗ್ರಾಮಸಭೆಯ ಸದಸ್ಯರು, ಚಾಮರಾಜನಗರ ಜಿಲ್ಲೆ

ಉತ್ತರ: ಕೇಳುವುದಕ್ಕೆ ಕೇಸು ಹಾಕಲು ಬರುವುದಿಲ್ಲ. ಕೇಳದೆ ಹಚ್ಚಿದರೆ ಬರುತ್ತೆ. ಹಾಗಾಗಿ ಧೈರ್ಯವಾಗಿ, ಬರೆದು ಕೇಳಿ.

ನಿಮ್ಮ ಬಲ ಎಲ್ಲಿದೆ ಅಂತ ಹೇಳುತ್ತೇನೆ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶ ಆದದ್ದು 2011ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸೋಲಿಗರ ಇಪ್ಪತ್ತಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಕಾಡಿನೊಳಗೆ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಸೆಕ್ಷನ್ ಬರೀ ಜೇನು, ಪಾಚಿ ತರುವ ಹಕ್ಕಲ್ಲ ಕೊಟ್ಟಿದ್ದು. ಕಾಡನ್ನು ಕಾಪಾಡುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕನ್ನೂ ಕೊಟ್ಟಿದೆ. ಅದೇ ಸೆಕ್ಷನ್‌ನಲ್ಲಿ ಸಾಂಪ್ರದಾಯಿಕ ಹಕ್ಕುಗಳ ಮಾತು ಬಂದಾಗ ಬೇಟೆಯನ್ನು ಹೆಸರಿಟ್ಟು ಹೊರಗೆ ಇಟ್ಟಿದ್ದಾರೆ. ಬೆಂಕಿಯನ್ನು ಹಾಗೆ ಹೊರಗೆ ಇಟ್ಟಿಲ್ಲ. ಇನ್ನು ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅಪಾಯ ಆಗುವ ರೀತಿಯ ಬೆಂಕಿಯ ಬಗ್ಗೆ ಮಾತಾಡುತ್ತೆ. ಕಾಡಿನ ಒಳಿತಿಗೆ, ಇಲಾಖೆಯ ಒಪ್ಪಿಗೆಯಿಂದ, ಅಧಿಕಾರಿಯ ಎದುರೇ ಹಚ್ಚುವ ಬೆಂಕಿ ಆ ಸಾಲಿಗೆ ಬರುವುದಿಲ್ಲ ಅನ್ನುವುದು ನನ್ನ ಓದು. ಕೋರ್ಟಿನ ಮಾತು ಅಲ್ಲ ಇದು, ನನ್ನ ಓದು. ಅರ್ಜಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ದಾರಿ ಹೀಗಿದೆ. 2012ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ನಿಮ್ಮ ಗ್ರಾಮಸಭೆಯ ಸಮಿತಿ ತನ್ನ ಕಾಡಿಗೆ ಸಂರಕ್ಷಣೆ ಮತ್ತು ನಿರ್ವಹಣೆಯ ಯೋಜನೆ ಮಾಡಬಹುದು, ಅದನ್ನು ಇಲಾಖೆಯ ಯೋಜನೆಯ ಜೊತೆ ಸೇರಿಸಬೇಕು. ತರಗು ಬೆಂಕಿ ಆ ಯೋಜನೆಯೊಳಗೆ ಬರಲಿ, ಬಿಡಿ ಅರ್ಜಿಯಾಗಿ ಬೇಡ. ಬಿಡಿ ಅರ್ಜಿ ಆದರೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಒಬ್ಬರ ತಲೆ ಮೇಲೆ ಬೀಳುತ್ತೆ, ಅವರು ಸಹಿ ಹಾಕುವುದಿಲ್ಲ. ಅವರನ್ನು ದೂರಿ ಉಪಯೋಗವೂ ಇಲ್ಲ. ಡೆಹ್ರಾಡೂನಿನ ಅರಣ್ಯ ಸಮೀಕ್ಷೆಯವರ ಉಪಗ್ರಹ ಎಚ್ಚರಿಕೆ ಅವರ ಮೊಬೈಲಿಗೆ ಬರುತ್ತೆ. 375 ಮೀಟರ್ ಚೌಕದೊಳಗೆ ಬಿಸಿ ಕಂಡಿತು ಅಂತ ಹೇಳುತ್ತೆ ಅಷ್ಟೇ, ಅದು ಒಳ್ಳೆಯ ಬೆಂಕಿಯೋ ಕೆಟ್ಟ ಬೆಂಕಿಯೋ ಅಂತ ಹೇಳುವುದಿಲ್ಲ. ಬೆಂಕಿ ಹಚ್ಚಲು ಬಿಟ್ಟರೆ ಅಧಿಕಾರಿಗೆ ನೋಟಿಸು ಬರಬಹುದು, ಲಂಟಾನ ಬೆಳೆಯಲು ಬಿಟ್ಟರೆ ಯಾವ ನೋಟಿಸೂ ಬರುವುದಿಲ್ಲ. ಇದು ಬದಲಾಗದೆ ಯಾವ ಅಧಿಕಾರಿಯೂ ಮುಂದೆ ಬರುವುದಿಲ್ಲ. ಹಾಗಾಗಿ ಯೋಜನೆ ಮೇಲಿನ ಹಂತದಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರ ತನಕ ಹೋಗಿ ಮಂಜೂರಾಗಬೇಕು. ಕೆಳಗಿನವರು ಅದನ್ನು ನಡೆಸಿಕೊಡಬೇಕು.

ಯೋಜನೆಯಲ್ಲಿ ದೊಡ್ಡ ಮಾತು ಬರೆಯಬೇಡಿ, ಚಿಕ್ಕ ಜಾಗ ಬರೆಯಿರಿ. ಮೊದಲ ಎರಡು ವರ್ಷ ಲಂಟಾನ ತೆಗೆಯುವುದಷ್ಟೇ ಅಂತ ಬರೆಯಿರಿ, ಕಿತ್ತ ಲಂಟಾನದಲ್ಲಿ ಕುರ್ಚಿ, ಬುಟ್ಟಿ ಮಾಡುವವರು ಮಲೆ ಮಹದೇಶ್ವರ ಬೆಟ್ಟದ ಕಡೆ ಇದ್ದಾರೆ, ಅವರಿಂದ ಒಂದಿಷ್ಟು ದುಡ್ಡೂ ಹುಟ್ಟುತ್ತೆ. ಮೂರನೇ ವರ್ಷ ಕೆಲವೇ ಎಕರೆ, ಸುತ್ತಲೂ ಬೆಂಕಿ ರೇಖೆ ಇರುವ ಜಾಗ. ಅದರ ಪಕ್ಕದಲ್ಲೇ ಅಷ್ಟೇ ದೊಡ್ಡ ಜಾಗ ಸುಡದೆ ಬಿಡಿ, ಎರಡನ್ನೂ ಹೋಲಿಸಿ ನೋಡಲು ಯಾವುದಾದರೂ ಸಂಶೋಧನಾ ಸಂಸ್ಥೆಯನ್ನು ಕರೆಯಿರಿ. ನೆಲ್ಲಿ ಮರ ಎಷ್ಟಿದೆ, ಉಪ್ಪಿಲು ಎಷ್ಟು ಮರದಲ್ಲಿದೆ, ಹುಲ್ಲು ಎಷ್ಟು, ಸಸಿ ಎಷ್ಟು ಅಂತ ಸುಡುವ ಮೊದಲೇ ಎಣಿಸಿ ಬರೆದಿಡಿ. ಯಾರು ಹಚ್ಚುತ್ತಾರೆ, ಯಾರು ಅಂಚು ಕಾಯುತ್ತಾರೆ, ಗಾಳಿ ಯಾವ ಕಡೆಯದ್ದಿದ್ದರೆ ಕೈಬಿಡುತ್ತೀರಿ, ರಾತ್ರಿ ಕೆಂಡ ಕಾಯುವವರು ಯಾರು, ಎಲ್ಲಕ್ಕೂ ಹೆಸರು ಬರೆಯಿರಿ. ಬೆಂಕಿ ಎಲ್ಲಿ ಮಲಗುತ್ತೆ, ಎಲ್ಲಿ ಏಳುತ್ತೆ ಅಂತ ನೋಡಿ ಗೊತ್ತಿರುವ ಹಿರಿಯರು ನಿಮ್ಮ ಪೋಡುಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಸಮಿತಿಯಲ್ಲಿ ಕೂರಿಸಿ, ಹುಡುಗರು ಅವರಿಂದ ಕಲಿಯಲಿ. ಅವರಿಗೆ ವಯಸ್ಸಾಗುತ್ತಿದೆ, ಇದನ್ನು ಮುಂದಕ್ಕೆ ಹಾಕಬೇಡಿ. ಮತ್ತೆ ಬೆಂಕಿ ತಪ್ಪಿಸಿಕೊಂಡರೆ ಹೊಣೆ ಯಾರದ್ದು ಅನ್ನುವುದನ್ನು ಇಲಾಖೆಯಿಂದ ಬರೆಸಿಕೊಳ್ಳದೆ ಒಂದು ಕಡ್ಡಿಯನ್ನೂ ಗೀರಬೇಡಿ.

ಯೋಜನೆಯನ್ನು ಮಳೆಗಾಲದಲ್ಲೇ ಕೊಟ್ಟುಬಿಡಿ. ಡಿಸೆಂಬರ್‌ನಲ್ಲಿ ಕೊಟ್ಟರೆ ಫೈಲು ಓಡಾಡಿ ಬರುವಷ್ಟರಲ್ಲಿ ಮಾರ್ಚ್ ಆಗುತ್ತೆ. ಆಗ ಅನುಮತಿ ಕೈಗೆ ಬಂದರೂ ಹಚ್ಚಬೇಡಿ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.